ಚೈನು ನೋಡಿ, ಅಸ್ತರು ನೋಡಿ: ಹಳೆಯ ಚರ್ಮದ ಜಾಕೆಟ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಅಂಕಣ ಹಳೆಯ ಚರ್ಮದ ಜಾಕೆಟ್‌ಗಳಿಗೆ ಮೀಸಲು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಕಂದು ಬಣ್ಣದ ಚರ್ಮದ ಜಾಕೆಟ್ ಸಿಕ್ಕಿದೆ. ತೋಳಿನ ತುದಿಗೂ ಸೊಂಟಕ್ಕೂ ಉಣ್ಣೆಯ ಹೆಣಿಗೆ, ಹೆಗಲ ಮೇಲೆ ಪಟ್ಟಿ. ಚೈನಿನ ಮೇಲೆ ವೈಕೆಕೆ ಎಂದಿದೆ. ಮುಂದಿನ ಕಿಸೆಗಳಿಗೆ ಪಕ್ಕದಿಂದಲೂ ಕೈ ಹಾಕಬಹುದು. ಇದು ಎರಡನೇ ಮಹಾಯುದ್ಧದ ಅಮೆರಿಕನ್ ಪೈಲಟ್‌ಗಳ ಎ-2 ಜಾಕೆಟ್ ಎಂದು ಪರಿಚಯದವರು ಹೇಳುತ್ತಾರೆ. ನಿಜವೇ?
(ಓದುಗರು, ಬೆಳಗಾವಿ ಕ್ಯಾಂಪ್)

ಉತ್ತರ: ಎ-2 ಮಾದರಿಯದು ಹೌದು, ಯುದ್ಧಕಾಲದ್ದು ಅಲ್ಲ. ನೀವೇ ಬರೆದ ಎರಡು ಗುರುತುಗಳು ಅದನ್ನು ಹೇಳುತ್ತವೆ.

ಮೊದಲನೆಯದು ಚೈನು. ಅಮೆರಿಕದ ಸೇನೆಯ ವಾಯುದಳ ಎ-2 ಅನ್ನು ಒಪ್ಪಿಕೊಂಡದ್ದು 1931ರಲ್ಲಿ. 1943ರಲ್ಲಿ ಹೊಸ ಖರೀದಿ ನಿಂತಿತು. ಆ ಅವಧಿಯ ಜಾಕೆಟ್‌ಗಳಲ್ಲಿ ಇರುವುದು ಟ್ಯಾಲನ್, ಕ್ರೌನ್‌ನಂಥ ಅಮೆರಿಕನ್ ಕಂಪನಿಗಳ ಲೋಹದ ಚೈನು. ವೈಕೆಕೆ ಜಪಾನಿನ ಕಂಪನಿ, ಶುರುವಾದದ್ದು 1934ರಲ್ಲಿ. ಯುದ್ಧ ನಡೆಯುತ್ತಿದ್ದಾಗ ಜಪಾನಿನ ಚೈನು ಅಮೆರಿಕನ್ ಪೈಲಟ್‌ನ ಎದೆಯ ಮೇಲೆ ಕೂರುವ ಮಾತೇ ಇಲ್ಲ. ಅಮೆರಿಕದ ಜಾಕೆಟ್‌ಗಳಲ್ಲಿ ವೈಕೆಕೆ ಎಲ್ಲೆಡೆ ಕಾಣತೊಡಗಿದ್ದು 1970ರ ದಶಕದಿಂದ ಈಚೆಗೆ.

ಎರಡನೆಯದು ಕಿಸೆ. ಮೂಲ ಎ-2ರಲ್ಲಿ ಎರಡೇ ಕಿಸೆ, ಎರಡೂ ಮೇಲಿನಿಂದ ಮಾತ್ರ ತೆರೆಯುತ್ತವೆ. ಮುಚ್ಚಳದ ಒಳಗೆ ಹೊರಗೆ ಕಾಣದಂತೆ ಟಿಚ್ ಬಟನ್ ಇರುತ್ತದೆ. ಅಮೆರಿಕದ ವಾಯುಪಡೆ 1988ರಲ್ಲಿ ಈ ಜಾಕೆಟನ್ನು ಮೇಕೆ ಚರ್ಮದಲ್ಲಿ ಮತ್ತೆ ತಂದಿತು. ಪಕ್ಕದಿಂದ ಕೈ ಹಾಕುವ ಕಿಸೆ ಸೇರಿದ್ದು ಅದಕ್ಕೂ ಆಮೇಲೆ.

ಮೂಲದ ಎ-2 ಕೈಗೆ ಬಂದರೆ ಇನ್ನಷ್ಟು ನೋಡಬಹುದು. ಬೆನ್ನು ಒಂದೇ ತುಂಡು ಚರ್ಮ, ನಡುವೆ ಹೊಲಿಗೆ ಇಲ್ಲ. ಕಾಲರ್‌ನ ಎರಡು ಮೂಲೆಗಳನ್ನು ಅಡಿಯಿಂದ ಟಿಚ್ ಬಟನ್ ಹಿಡಿದಿರುತ್ತದೆ. ಗಂಟಲ ಬಳಿ ಲೋಹದ ಕೊಕ್ಕೆ. ಕುತ್ತಿಗೆಯ ಒಳಗೆ ನೇಯ್ದ ಲೇಬಲ್, ಅದರಲ್ಲಿ ಟೈಪ್ ಎ-2, ನಕ್ಷೆ ಸಂಖ್ಯೆ 30-1415, ಗುತ್ತಿಗೆಯ ಸಂಖ್ಯೆ, ತಯಾರಕರ ಹೆಸರು. ಚರ್ಮ ಹೆಚ್ಚಾಗಿ ಕುದುರೆಯದು, ಮೇಕೆಯದೂ ಉಂಟು. ಕಾಲರ್ ತುಪ್ಪಳದ್ದಾಗಿ ಬೆನ್ನಿನಲ್ಲಿ ತೋಳು ಚಾಚಲು ನೆರಿಗೆಯಿದ್ದರೆ ಅದು ನೌಕಾದಳದ ಜಿ-1 ವಂಶದ್ದು. ಅದು ಬೇರೆಯೇ ಜಾತಿ.

ನಿಮ್ಮ ಜಾಕೆಟ್ ಯುದ್ಧದ್ದಲ್ಲ ಎಂದ ಮಾತ್ರಕ್ಕೆ ಹಗುರ ಮಾಡಬೇಡಿ. ಲೇಬಲ್, ಚೈನು, ಅಸ್ತರು ಇದ್ದ ಹಾಗೇ ಇರಲಿ. ಅಜ್ಜ ಅದನ್ನು ತೊಟ್ಟ ಫೋಟೋ ಇದ್ದರೆ ಜೊತೆಗೆ ಇಡಿ. ಕೊಳ್ಳುವವರಿಗೆ ಎ-2 ಎಂಬ ಹೆಸರಷ್ಟನ್ನೇ ಹೇಳಿ ಮಾರಬೇಡಿ, ಕಾಲವನ್ನೂ ಹೇಳಿ.

ಪ್ರಶ್ನೆ: ತೋಳೇ ಇಲ್ಲದ ಚರ್ಮದ ಕೋಟು, ಒಳಗೆ ಕಂಬಳಿಯಂಥ ಬಟ್ಟೆ, ಎದುರು ನಾಲ್ಕು ದೊಡ್ಡ ಗುಂಡಿ. ಮುತ್ತಜ್ಜ ಮರಾಠಾ ರೆಜಿಮೆಂಟಿನಲ್ಲಿದ್ದರು. ತೋಳನ್ನು ಯಾರೋ ಕತ್ತರಿಸಿದ್ದಾರೆಯೇ?
(ಓದುಗರು, ಖಾನಾಪುರ)

ಉತ್ತರ: ಕತ್ತರಿಸಿಲ್ಲ. ಅದು ಜರ್ಕಿನ್, ಹುಟ್ಟಿದ್ದೇ ತೋಳಿಲ್ಲದೆ. ಬ್ರಿಟಿಷ್ ಸೇನೆ ಎರಡೂ ಮಹಾಯುದ್ಧಗಳಲ್ಲಿ ಇದನ್ನು ಸಮವಸ್ತ್ರದ ಮೇಲೆ ತೊಡಲು ಕೊಡುತ್ತಿತ್ತು. ಬಂದೂಕು, ಸಲಿಕೆ ಹಿಡಿದ ಕೈ ಸರಾಗವಾಗಿ ಆಡಬೇಕು, ಎದೆ ಬೆನ್ನು ಬೆಚ್ಚಗಿರಬೇಕು ಎಂಬುದು ಅದರ ಲೆಕ್ಕ. ಇಂದು ಬಾಯಲ್ಲಿ ಎಲ್ಲ ಜಾಕೆಟಿಗೂ ಜರ್ಕಿನ್ ಎನ್ನುತ್ತೇವೆ, ನಿಜವಾದ ಜರ್ಕಿನ್ ಇದು.

ಒಳಗಿನ ಕಂಬಳಿ ಬಟ್ಟೆಯ ಮೇಲೆ ಮೇಲ್ಮುಖದ ಬಾಣದ ಗುರುತು ಹುಡುಕಿ. ಅದು ಬ್ರಿಟಿಷ್ ಸರ್ಕಾರದ ಸ್ವತ್ತಿನ ಮುದ್ರೆ. ಬಾಣದ ಜೊತೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಭಾರತದಲ್ಲಿ ತಯಾರಾದದ್ದು. ಇಸವಿಯೂ ಇದ್ದರೆ ಭಾಗ್ಯ. ಮುದ್ರೆಯ ಶಾಯಿ ನೀರಿಗೆ ಹೋಗಬಹುದು, ಆದ್ದರಿಂದ ಒಗೆಯಬೇಡಿ. ಆ ಉಣ್ಣೆಗೆ ನುಸಿ ಬೇಗ ಬೀಳುತ್ತದೆ. ತಿಂಗಳಿಗೊಮ್ಮೆ ತಿರುವಿ ಹಾಕಿ ಮೃದು ಬ್ರಷ್‌ನಿಂದ ಹೊಲಿಗೆಯ ಸಂದು ಝಾಡಿಸಿ.

ಪ್ರಶ್ನೆ: ಫೋಟೋ ನೋಡಿದ ಕೂಡಲೇ ಇದು ಇಂಥ ದಶಕದ ಜಾಕೆಟ್ ಎಂದು ಹೇಳುವುದು ಹೇಗೆ? ಯಾವ ಕಾಲದಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು?
(ಓದುಗರು, ಬಾಗಲಕೋಟೆ, ಮುಧೋಳ, ಗೋಕಾಕದಿಂದಲೂ ಇದೇ ಪ್ರಶ್ನೆ ಬಂದಿದೆ)

ಉತ್ತರ: ಎಲ್ಲಕ್ಕಿಂತ ಮೊದಲು ಉದ್ದ ನೋಡಿ. 1930, 40ರ ದಶಕದ ಜಾಕೆಟ್ ಸೊಂಟದ ಮೇಲೆಯೇ ನಿಲ್ಲುತ್ತದೆ. ಇಂದಿನ ಪ್ಯಾಂಟಿನ ಜೊತೆ ತೊಟ್ಟರೆ ಶರ್ಟು ಕೆಳಗೆ ಇಣುಕುತ್ತದೆ. ಆಗ ಪ್ಯಾಂಟನ್ನು ಹೊಕ್ಕಳ ಮಟ್ಟಕ್ಕೆ ಏರಿಸಿ ತೊಡುತ್ತಿದ್ದರು, ಅದಕ್ಕೆ ತಕ್ಕ ಜಾಕೆಟ್ ಅದು. ಮೈಗೆ ಹತ್ತಿರ, ತೋಳಿನ ಬುಡ ಕಂಕುಳಿಗೆ ಒತ್ತಿಕೊಂಡು, ಬೆನ್ನ ಸೊಂಟದಲ್ಲಿ ಅರ್ಧ ಬೆಲ್ಟ್ ಹೊಲಿದಿರುತ್ತದೆ. ತೋಳು ಚಾಚಲು ಬೆನ್ನಿನಲ್ಲಿ ನೆರಿಗೆಗಳಿರುತ್ತವೆ. ಈ ಅರ್ಧ ಬೆಲ್ಟಿನ ಜಾಕೆಟ್‌ಗಳ ಕತ್ತರಿಕೆಯಲ್ಲಿ ಇರುವ ಕೈಚಳಕ ಆಮೇಲಿನ ಯಾವ ದಶಕದಲ್ಲೂ ಮರಳಲಿಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

1920ರ ದಶಕದ ಕೊನೆಯವರೆಗೆ ಜಾಕೆಟ್‌ಗಳಿಗೆ ಗುಂಡಿಯೇ ಗತಿ. ಅಮೆರಿಕದ ಸೇನೆ 1927ರಲ್ಲಿ ತಂದ ಎ-1ಕ್ಕೂ ಗುಂಡಿಗಳೇ. ಗಿಡಿಯನ್ ಸುಂಡ್‌ಬ್ಯಾಕ್ ಇಂದಿನ ರೀತಿಯ ಚೈನಿಗೆ ಪೇಟೆಂಟ್ ಪಡೆದದ್ದು 1917ರಲ್ಲಾದರೂ ಅದು ಜಾಕೆಟಿಗೆ ಏರಲು ಹತ್ತು ವರ್ಷ ಹಿಡಿಯಿತು. ನ್ಯೂಯಾರ್ಕಿನ ಶಾಟ್ ಸಹೋದರರ ಕಂಪನಿಯ ಅರ್ವಿಂಗ್ ಶಾಟ್ 1928ರಲ್ಲಿ ಮೋಟರ್‌ಸೈಕಲ್ ಸವಾರರಿಗೆಂದು ಪರ್ಫೆಕ್ಟೊ ಜಾಕೆಟ್ ಮಾಡಿದರು. ಆ ಹೆಸರು ಅವರ ಮೆಚ್ಚಿನ ಚುಟ್ಟಾದ್ದು, ಬೆಲೆ ಐದೂವರೆ ಡಾಲರ್.

ಇಂಥ ಸವಾರರ ಜಾಕೆಟಿನಲ್ಲಿ ಎದೆಗೆ ಅಡ್ಡವಾಗಿ ಇರುವ ಓರೆ ಚೈನು ಅಂದಕ್ಕಾಗಿ ಬಂದದ್ದಲ್ಲ. ಸವಾರ ಟ್ಯಾಂಕಿನ ಮೇಲೆ ಮುಂದಕ್ಕೆ ಬಾಗಿದಾಗ ನೇರ ಚೈನು ನಡುವೆ ಮಡಚಿ ಹೊಟ್ಟೆಗೆ ಒತ್ತುತ್ತದೆ. ಓರೆ ಚೈನು ಪಕ್ಕಕ್ಕೆ ಸರಿದಿರುತ್ತದೆ. ಅದರ ಹಿಂದೆ ಎದುರಿನ ಎರಡು ಹಾಳೆ ಒಂದರ ಮೇಲೊಂದು ಬರುವುದರಿಂದ ಗಾಳಿ ಎದೆಗೆ ನುಗ್ಗುವುದಿಲ್ಲ. ಸೆಕೆಯಾದರೆ ಮೇಲಿನ ಅರ್ಧ ತೆರೆದು ಮಡಚಿ ಟಿಚ್ ಬಟನ್ ಹಾಕಿದರಾಯಿತು. ಸವಾರಿಗೆಂದೇ ಕತ್ತರಿಸಿದ ಜಾಕೆಟನ್ನು ಹ್ಯಾಂಗರಿಗೆ ಹಾಕಿ ನೋಡಿ: ತೋಳುಗಳು ನೇರ ಕೆಳಗೆ ಇಳಿಯದೆ ಹ್ಯಾಂಡಲ್ ಹಿಡಿಯಲು ಹೊರಟಂತೆ ಮುಂದಕ್ಕೆ ಬಾಗಿರುತ್ತವೆ. ಆ ಬಾಗು ಇಲ್ಲದೆ ಬರೀ ಓರೆ ಚೈನು ಇದ್ದರೆ ಅದು ಫ್ಯಾಶನ್ನಿನ ನಕಲು.

ಯುದ್ಧ ಮುಗಿದ ಮೇಲೆ ಸೇನೆಯ ಹೆಚ್ಚುವರಿ ಜಾಕೆಟ್‌ಗಳು ಅಗ್ಗಕ್ಕೆ ಮಾರುಕಟ್ಟೆಗೆ ಬಂದವು. 1953ರಲ್ಲಿ ಹಾಲಿವುಡ್ ನಟ ಮಾರ್ಲನ್ ಬ್ರಾಂಡೊ ತೆರೆಯ ಮೇಲೆ ಓರೆ ಚೈನಿನ ಕಪ್ಪು ಜಾಕೆಟ್ ತೊಟ್ಟು ಬಂದ ನಂತರ ಅದು ಪುಂಡ ಹುಡುಗರ ಗುರುತಾಯಿತು. ಇದೇ ಹೊತ್ತಿಗೆ ಒಳಗಿಂದೊಳಗೆ ಇನ್ನೊಂದು ಬದಲಾವಣೆ ನಡೆದಿತ್ತು: ಹೊಲಕ್ಕೆ ಟ್ರ್ಯಾಕ್ಟರ್ ಬಂದು ಕುದುರೆಗಳು ಕಡಿಮೆಯಾದವು, ಕುದುರೆ ಚರ್ಮ ವಿರಳವಾಯಿತು, ಅದರ ಜಾಗಕ್ಕೆ ದನದ ಚರ್ಮ ಬಂತು. ಕುದುರೆ ಚರ್ಮ ಬಿಗಿ, ನುಣುಪು, ಮಡಿಕೆಯಲ್ಲಿ ದೊಡ್ಡ ಅಲೆ ಏಳುತ್ತದೆ. ದನದ ಚರ್ಮದ ಮೇಲೆ ಕಣ್ಣಿಗೆ ಕಾಣುವ ಕಾಳು ಕಾಳಾದ ಮೈ.

1960ರ ದಶಕದಲ್ಲಿ ಇಂಗ್ಲೆಂಡಿನ ವೇಗದ ಸವಾರರು ಕಾಲರನ್ನೇ ಕಿತ್ತುಹಾಕಿದರು. ಗಂಟೆಗೆ ನೂರು ಮೈಲಿ ಓಡುವಾಗ ಅಗಲ ಕಾಲರ್ ಮುಖಕ್ಕೆ ಬಡಿಯುತ್ತದೆ. ಹಾಗಾಗಿ ಕುತ್ತಿಗೆಗೆ ಎರಡು ಬೆರಳಗಲದ ನಿಂತ ಪಟ್ಟಿ, ನೇರ ಚೈನು, ತೋಳಿನ ತುದಿಗೂ ಚೈನು. ಇವನ್ನು ಕೆಫೆ ರೇಸರ್ ಎನ್ನುತ್ತಾರೆ. ಲಂಡನ್ನಿನ ಲೂಯಿಸ್ ಲೆದರ್ಸ್ ಜಾಕೆಟ್‌ಗಳು ಈ ಸಾಲಿನಲ್ಲಿ ಹೆಸರಾದವು. ದಶಕದ ಕೊನೆಗೆ ಒಳಮೈ ಹೊರಗಾದ ಮೃದು ಚರ್ಮ (ಸ್ವೇಡ್), ಇಳಿಬಿಟ್ಟ ಜಾಲರಿ ಬಂದವು.

1970ರ ದಶಕ ಗುರುತಿಸುವುದು ಸುಲಭ. ನಾಯಿ ಕಿವಿಯಂತೆ ಉದ್ದ ಚೂಪು ಕಾಲರ್, ತೊಡೆಯವರೆಗೆ ಉದ್ದ, ಸೊಂಟಕ್ಕೆ ಬಟ್ಟೆಯಂತೆ ಕಟ್ಟುವ ಬೆಲ್ಟ್, ಜೇನು ಬಣ್ಣದಿಂದ ಕಂದು ಬಣ್ಣ. 1976ರ ಹೊತ್ತಿಗೆ ಪಂಕ್ ಸಂಗೀತದವರು ಹಳೆಯ ಓರೆ ಚೈನಿನ ಕಪ್ಪು ಜಾಕೆಟಿಗೆ ಮತ್ತೆ ಜೀವ ಕೊಟ್ಟರು. 1980ರ ದಶಕದಲ್ಲಿ ಹೆಗಲಿಗೆ ದಿಂಬು ಬಂತು, ತೋಳಿನ ಬುಡ ಬಾವಲಿ ರೆಕ್ಕೆಯಂತೆ ಸೊಂಟದವರೆಗೆ ಇಳಿಯಿತು, ಕುರಿ ಚರ್ಮ ತೆಳುವಾಯಿತು, ಏನೂ ತೆರೆಯದ ಅಲಂಕಾರದ ಚೈನುಗಳು ಹೆಚ್ಚಿದವು. 1990ರ ದಶಕದಲ್ಲಿ ದಿಂಬು ಹೋಯಿತು, ಸಡಿಲ ಉಳಿಯಿತು, ಕಪ್ಪು ಮುಕ್ಕಾಲುದ್ದದ ಕೋಟು ಬಂತು.

ಒಂದು ಎಚ್ಚರಿಕೆ. ಹಳೆಯ ಆಕಾರವನ್ನು ಪ್ರತಿ ಇಪ್ಪತ್ತು ವರ್ಷಕ್ಕೊಮ್ಮೆ ಯಾರಾದರೂ ಮತ್ತೆ ಮಾಡುತ್ತಾರೆ. ಆಕಾರ ದಶಕವನ್ನು ಸೂಚಿಸುತ್ತದೆ, ಅಷ್ಟೇ. ಖಚಿತ ಮಾಡುವುದು ಚೈನು, ಲೇಬಲ್, ದಾರ.

ಪ್ರಶ್ನೆ: ಜಾಕೆಟ್‌ನ ಲೇಬಲ್‌ನಲ್ಲಿ ಆರ್‌ಎನ್ 40000ರ ಆಸುಪಾಸಿನ ಸಂಖ್ಯೆ ಇದೆ. ಇದರಿಂದ ವರ್ಷ ತಿಳಿಯುತ್ತದೆಯೇ?
(ಓದುಗರು, ಇಂಡಿ)

ಉತ್ತರ: ತಯಾರಾದ ವರ್ಷ ತಿಳಿಯುವುದಿಲ್ಲ. ಯಾವ ವರ್ಷಕ್ಕಿಂತ ಹಳೆಯದಲ್ಲ ಎಂಬುದು ತಿಳಿಯುತ್ತದೆ. ಆರ್‌ಎನ್ ಎಂದರೆ ಅಮೆರಿಕದಲ್ಲಿ ಕಂಪನಿಗೆ ಕೊಟ್ಟ ನೋಂದಣಿ ಸಂಖ್ಯೆ. 1959ರಿಂದ ಈಚೆಗಿನ ಸಂಖ್ಯೆಗಳು 13670ರಿಂದ ಶುರು. ಸಂಗ್ರಾಹಕರ ಅಂದಾಜಿನ ಲೆಕ್ಕ ಹೀಗಿದೆ: ನಿಮ್ಮ ಸಂಖ್ಯೆಯಿಂದ 13670 ಕಳೆಯಿರಿ, ಬಂದದ್ದನ್ನು 2635ರಿಂದ ಭಾಗಿಸಿ, 1959ಕ್ಕೆ ಕೂಡಿಸಿ. 40000ದಿಂದ 13670 ಹೋದರೆ 26330, ಭಾಗಿಸಿದರೆ ಸುಮಾರು 10, ಅಲ್ಲಿಗೆ 1969. ಕಂಪನಿ 1969ರಲ್ಲಿ ನೋಂದಣಿಯಾಗಿ 1985ರಲ್ಲಿ ನಿಮ್ಮ ಜಾಕೆಟ್ ಹೊಲಿದಿರಲೂಬಹುದು. ಹೇಗೆ ಒಗೆಯಬೇಕು ಎಂಬ ಸೂಚನೆಯ ಲೇಬಲ್ ಇದ್ದರೆ ಅಮೆರಿಕದ ಜಾಕೆಟ್ 1972ರ ನಂತರದ್ದೆಂದು ಹಿಡಿಯಬಹುದು, ಆ ನಿಯಮ ಬಂದದ್ದು ಆಗ. ಆರ್‌ಎನ್ ಬದಲು ಡಬ್ಲ್ಯುಪಿಎಲ್ ಎಂದಿದ್ದರೆ ಆ ಸಂಖ್ಯೆ ಕೊಟ್ಟದ್ದು 1941ರಿಂದ 1959ರ ನಡುವೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ 40 ಸೈಜ್ ಎಂದು ತರಿಸಿದ 1960ರ ಜಾಕೆಟ್ ತೋಳೇ ಏರುತ್ತಿಲ್ಲ. ನನ್ನ ಎದೆ 40 ಇಂಚೇ ಇದೆ. ಮೋಸವೇ?
(ಓದುಗರು, ನಿಪ್ಪಾಣಿ)

ಉತ್ತರ: ಮೋಸವಿರಲಿಕ್ಕಿಲ್ಲ. ಆ ಕಾಲದ ಕತ್ತರಿಕೆ ಬಿಗಿ, ಒಣಗಿದ ಚರ್ಮ ಕುಗ್ಗಿಯೂ ಇರುತ್ತದೆ. ಲೇಬಲ್‌ನ ಸೈಜ್ ನಂಬದೆ ನಾಲ್ಕು ಅಳತೆ ಕೇಳಿ. ಜಾಕೆಟ್ ಚೈನು ಹಾಕಿ ನೆಲದ ಮೇಲೆ ಚಪ್ಪಟೆಯಾಗಿ ಹರಡಿ ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ, ಬೆನ್ನಿನ ಕಡೆಯಿಂದ ಹೆಗಲ ಹೊಲಿಗೆಯಿಂದ ಹೊಲಿಗೆಗೆ, ಹೆಗಲ ಹೊಲಿಗೆಯಿಂದ ತೋಳಿನ ತುದಿಗೆ, ಕಾಲರ್ ಬುಡದಿಂದ ಬೆನ್ನ ಕೆಳಗಿನ ಅಂಚಿಗೆ.

ಕಂಕುಳ ಅಳತೆಯ ಎರಡರಷ್ಟು ನಿಮ್ಮ ಎದೆಗಿಂತ ಸುಮಾರು 4 ಇಂಚು ಹೆಚ್ಚಿರಬೇಕು. 40 ಇಂಚಿನ ಎದೆಗೆ 22 ಇಂಚು ಸರಿ, 21ಕ್ಕೆ ತೆಳು ಶರ್ಟಿನ ಮೇಲೆ ಮಾತ್ರ. ಹೆಗಲು ಎಲ್ಲಕ್ಕಿಂತ ಮುಖ್ಯ. ಸೊಂಟ, ತೋಳಿನ ಉದ್ದ ಟೇಲರ್ ಸರಿಪಡಿಸಬಹುದು, ಹೆಗಲನ್ನು ಬಿಚ್ಚಿದರೆ ಹಳೆಯ ಸೂಜಿ ತೂತುಗಳು ಹಾಗೇ ಬಾಯಿಬಿಟ್ಟುಕೊಂಡು ಉಳಿಯುತ್ತವೆ. ಯುರೋಪಿನ ಲೇಬಲ್‌ನ 50 ಎಂದರೆ ಅಮೆರಿಕ, ಇಂಗ್ಲೆಂಡಿನ 40. ನೀರು ಚಿಮುಕಿಸಿ ಎಳೆದು ಹಿಗ್ಗಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹಿಗ್ಗುವ ಬದಲು ಕಂಕುಳ ಹೊಲಿಗೆ ಹರಿಯುತ್ತದೆ.

ಪ್ರಶ್ನೆ: ನಮ್ಮ ಊರಲ್ಲಿ ಚಪ್ಪಲಿಗೆ ಎಣ್ಣೆ ಹಚ್ಚಿ ಮೆತ್ತಗೆ ಮಾಡ್ತಾರ್ರಿ. ಜಾಕೆಟಿಗೂ ಔಡಲೆಣ್ಣೆ ಇಲ್ಲಾ ಕೊಬ್ಬರಿ ಎಣ್ಣೆ ಹಚ್ಚಬಹುದಾ? ಮೊಣಕೈ ಹತ್ರ ಹರಿದದ್ದನ್ನು ಚಪ್ಪಲಿ ಹೊಲಿಯೋರ ಕಡೆ ಕೊಡ್ಲಾ?
(ಓದುಗರು, ಅಥಣಿ)

ಉತ್ತರ: ಎರಡೂ ಬೇಡ. ಕಾರಣ ನಿಮ್ಮ ಊರಿನ ಕಸುಬಿನಲ್ಲೇ ಇದೆ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಪಡೆದ ಎಂಟು ಜಿಲ್ಲೆಗಳಲ್ಲಿ ನಾಲ್ಕು ಕರ್ನಾಟಕದವು: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಆ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಣಲೆಕಾಯಿಯಿಂದ ಹದ ಮಾಡುತ್ತಾರೆ. ದಪ್ಪ, ಬಣ್ಣದ ಲೇಪವಿಲ್ಲದ, ಎಣ್ಣೆ ಕುಡಿಯುವ ತೊಗಲು ಅದು. ಜಾಕೆಟ್‌ನ ಚರ್ಮ ಸಾಮಾನ್ಯವಾಗಿ ಕ್ರೋಮ್ ಲವಣದಿಂದ ಹದ ಮಾಡಿದ್ದು, ದಪ್ಪ ಸುಮಾರು ಒಂದು ಮಿಲಿಮೀಟರ್, ಮೇಲೆ ಬಣ್ಣದ ತೆಳು ಪದರ. ಅದಕ್ಕೆ ಇಂಥ ಎಣ್ಣೆ ಬಿದ್ದರೆ ಎಲ್ಲಿ ಪದರ ಸವೆದಿದೆಯೋ ಅಲ್ಲಿ ಮಾತ್ರ ಇಳಿದು ಕಪ್ಪು ಮಚ್ಚೆಯಾಗುತ್ತದೆ. ಧೂಳು ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಕೊಬ್ಬರಿ ಎಣ್ಣೆಯಂತೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಿಮ್ಮ ಡಿಸೆಂಬರ್ ಥಂಡಿಗೆ ಜಾಕೆಟ್ ತುಂಬ ಬಿಳಿ ಮಸುಕು ಕೂರುತ್ತದೆ.

ಚರ್ಮದ ಉಡುಪಿಗೆಂದೇ ಬರುವ ಬಣ್ಣರಹಿತ ಕಂಡೀಷನರ್ ವರ್ಷಕ್ಕೊಮ್ಮೆ ಸಾಕು. ಮೊದಲು ಹಿಂಡಿದ ಒದ್ದೆ ಹತ್ತಿ ಬಟ್ಟೆಯಿಂದ ಒರೆಸಿ, ಒಂದು ರಾತ್ರಿ ನೆರಳಿನಲ್ಲಿ ಬಿಡಿ. ಇಡೀ ಜಾಕೆಟಿಗೆ ಒಂದು ಚಹಾ ಚಮಚೆಯಷ್ಟು, ಅಂದರೆ 5 ಮಿಲಿಲೀಟರ್. ಬಟ್ಟೆಗೆ ಹಚ್ಚಿ, ಬಟ್ಟೆಯಿಂದ ಜಾಕೆಟಿಗೆ. ಮೊದಲು ಒಳ ಅಂಚಿನಲ್ಲಿ ನಾಣ್ಯದಗಲ ಜಾಗದಲ್ಲಿ ಹಚ್ಚಿ ಒಂದು ದಿನ ಕಾಯಿರಿ. ಅರ್ಧ ಗಂಟೆಯ ನಂತರ ಒಣ ಬಟ್ಟೆಯಿಂದ ಉಜ್ಜಿದಾಗ ಕೈಗೆ ಜಿಡ್ಡು ಹತ್ತಿದರೆ ಹೆಚ್ಚಾಗಿದೆ. ಬೂಟಿನ ಕಪ್ಪು ಪಾಲಿಶ್ ಎಂದೂ ಬೇಡ, ಮುಂದೆ ಕೂತ ಕುರ್ಚಿಗೆಲ್ಲ ಅಂಟುತ್ತದೆ.

ಹರಿದ ಮೊಣಕೈಗೆ ಹೊರಗಿನಿಂದ ಹೊಲಿಗೆ ಹಾಕಿಸಬೇಡಿ. ಚಪ್ಪಲಿಯ ದಬ್ಬಣ ಮಾಡುವ ತೂತು ದೊಡ್ಡದು. ಚರ್ಮದಲ್ಲಿ ತೂತು ಮುಚ್ಚುವುದಿಲ್ಲ, ಸಾಲು ತೂತುಗಳು ಅಂಚೆ ಚೀಟಿಯ ಅಂಚಿನಂತೆ ಹರಿಯಲು ದಾರಿ ಮಾಡಿಕೊಡುತ್ತವೆ. ಸರಿಯಾದ ಕ್ರಮ ಒಳಗಿನಿಂದ ತೇಪೆ. ತೋಳಿನ ಅಸ್ತರಿನ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ. ಅರ್ಧ ಮಿಲಿಮೀಟರ್ ದಪ್ಪದ ಮೃದು ಚರ್ಮವನ್ನು ಹರಿದ ಭಾಗಕ್ಕಿಂತ ಸುತ್ತ 2 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಅಂಚನ್ನು ಕೆರೆದು ತೆಳು ಮಾಡಿ. ಇಲ್ಲದಿದ್ದರೆ ಹೊರಗೆ ಗೆರೆ ಎದ್ದು ಕಾಣುತ್ತದೆ. ಒಣಗಿದ ಮೇಲೂ ಬಾಗುವ ಚರ್ಮದ ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹರಿದ ಎರಡು ತುಟಿಗಳನ್ನು ಕೂಡಿಸಿ ಒತ್ತಿ, ಪುಸ್ತಕ ಹೇರಿ ಒಂದು ದಿನ ಇಡಿ. ಕ್ಷಣದಲ್ಲಿ ಹಿಡಿಯುವ ಗಟ್ಟಿ ಅಂಟು ಗಾಜಿನಂತಾಗಿ ಅದರ ಪಕ್ಕದಲ್ಲೇ ಚರ್ಮ ಮತ್ತೆ ಸೀಳುತ್ತದೆ. ತೇಪೆಗೆ ಬೇಕಾದ ಚೂರು ಚರ್ಮವನ್ನೂ ಅಂಚು ಕೆರೆಯುವ ಕೆಲಸವನ್ನೂ ನಿಮ್ಮ ಊರಿನ ಕಸುಬುದಾರರಿಂದಲೇ ಪಡೆಯಿರಿ, ಅದರಲ್ಲಿ ಅವರ ಕೈ ಪಳಗಿದ್ದು.

ಪ್ರಶ್ನೆ: ಹಳೆಯ ಲೋಹದ ಚೈನು ಹಾಕಿದ ಮೇಲೆ ಕೆಳಗಿನಿಂದ ಬಿಚ್ಚಿಕೊಳ್ಳುತ್ತದೆ. ಹೊಸ ಚೈನು ಹಾಕಿಸಲೇ?
(ಓದುಗರು, ಜಮಖಂಡಿ)

ಉತ್ತರ: ಅವಸರ ಬೇಡ. ಹಲ್ಲು ಸವೆಯುವುದು ಅಪರೂಪ, ಸವೆಯುವುದು ಮೇಲೆ ಕೆಳಗೆ ಎಳೆಯುವ ರನ್ನರ್. ಅದರ ಎರಡು ತಟ್ಟೆಗಳ ನಡುವಿನ ಸಂದು ಕೂದಲೆಳೆಯಷ್ಟು ಅಗಲವಾದರೂ ಹಲ್ಲುಗಳನ್ನು ಒತ್ತಿ ಕೂಡಿಸುವ ಶಕ್ತಿ ಹೋಗುತ್ತದೆ. ಮೊದಲು ಒಣ ಹಲ್ಲುಜ್ಜುವ ಬ್ರಷ್‌ನಿಂದ ಹಲ್ಲುಗಳ ಹಸಿರು ಕಿಲುಬು ತೆಗೆಯಿರಿ, ಮೇಣದಬತ್ತಿಯನ್ನು ಎರಡೂ ಸಾಲಿಗೆ ಉಜ್ಜಿ. ಆಮೇಲೆ ರನ್ನರನ್ನು ಪೂರ್ತಿ ಕೆಳಗೆ ತಂದು, ಅದರ ಹಿಂಬದಿಯ ಎಡ ಅಂಚನ್ನು ಒಮ್ಮೆ, ಬಲ ಅಂಚನ್ನು ಒಮ್ಮೆ ಸಣ್ಣ ಇಕ್ಕಳದಿಂದ ಮೆಲ್ಲಗೆ ಒತ್ತಿ. ಒಮ್ಮೆ ಒತ್ತುವುದು, ಎಳೆದು ನೋಡುವುದು, ಸಾಲದಿದ್ದರೆ ಮತ್ತೊಮ್ಮೆ. ಒಂದೇ ಏಟಿಗೆ ಬಲವಾಗಿ ಒತ್ತಿದರೆ ಹಳೆಯ ಎರಕದ ರನ್ನರ್ ಬಿರಿಯುತ್ತದೆ, ಅದರ ಜೋಡಿ ಸಿಗುವುದು ಕಷ್ಟ.

ಚೈನಿನ ಕೆಳತುದಿಯ ಬಟ್ಟೆ ಎಳೆಎಳೆಯಾಗಿ ಪಿನ್ನು ಅಲ್ಲಾಡುತ್ತಿದ್ದರೆ ಮಾತ್ರ ರಿಪೇರಿ ಕಷ್ಟ. ಆಗ ಬದಲಿಸುವುದೇ ಸರಿ. ಟೇಲರಿಗೆ ಮೂರು ಮಾತು ಹೇಳಿ: ಹಳೆಯ ಸೂಜಿ ತೂತುಗಳಲ್ಲೇ ಹೊಲಿಗೆ ಹಾಯಬೇಕು, ಸೂಜಿ ಚರ್ಮದ್ದಿರಬೇಕು, ಹೊಲಿಗೆಯ ಉದ್ದ 3 ಮಿಲಿಮೀಟರಿಗಿಂತ ಕಿರಿದಾಗಬಾರದು. ತೆಗೆದ ಚೈನನ್ನು ಬಿಸಾಡದೆ ಲಕೋಟೆಯಲ್ಲಿ ಹಾಕಿ ಒಳಗಿಸೆಯಲ್ಲಿ ಇಡಿ. ಜಾಕೆಟ್‌ನ ವಯಸ್ಸಿಗೆ ಸಾಕ್ಷಿ ಅದೇ.

ಪ್ರಶ್ನೆ: ಅಸ್ತರು ಚಿಂದಿಯಾಗಿದೆ. ಗುಳೇದಗುಡ್ಡದ ಖಣದ ಅಸ್ತರು ಹಾಕಿಸಿದರೆ ಚಂದ ಕಾಣಬಹುದೇ?
(ಓದುಗರು, ಇಳಕಲ್)

ಉತ್ತರ: ಚಂದ ಕಾಣುತ್ತದೆ, ಆದರೆ ತೋಳಿಗೆ ಬೇಡ. ಖಣದ ಬುಟ್ಟಾದ ಎಳೆಗಳು ಒಳಗೆ ಗಡಿಯಾರ, ಬಳೆ, ಉಗುರಿಗೆ ಸಿಕ್ಕಿಬೀಳುತ್ತವೆ. ತೋಳಿಗೆ ಜಾರುವ ವಿಸ್ಕೋಸ್ ಅಸ್ತರು, ಬೆನ್ನಿಗೆ ಖಣ, ಹೀಗೆ ಮಾಡಬಹುದು. 44 ಇಂಚು ಪನ್ನದ ಬಟ್ಟೆಯಾದರೆ ಒಂದು ಜಾಕೆಟಿಗೆ ಸುಮಾರು 2 ಮೀಟರ್. ಹಳೆಯ ಅಸ್ತರನ್ನು ಕತ್ತರಿಸದೆ ಹೊಲಿಗೆ ಬಿಚ್ಚಿ ತೆಗೆಯಿರಿ, ಅದೇ ಹೊಸದಕ್ಕೆ ಅಳತೆಯ ಮಾದರಿ. ಇದೆಲ್ಲ ಸಾಧಾರಣ 1980, 90ರ ಜಾಕೆಟಿಗೆ. 1950ಕ್ಕಿಂತ ಹಿಂದಿನದಾದರೆ ಅಸ್ತರನ್ನು ಮುಟ್ಟಬೇಡಿ. ಹರಿದ ಕಡೆ ತೆಳು ಹತ್ತಿ ಬಟ್ಟೆ ಇಟ್ಟು ಕೈಹೊಲಿಗೆ ಹಾಕಿ ಉಳಿಸಿಕೊಳ್ಳಿ.

ಪ್ರಶ್ನೆ: ತಿಜೋರಿಯಲ್ಲಿ ಇಟ್ಟ ಜಾಕೆಟ್ ಮೇಲೆ ಬಿಳಿ ಪುಡಿ ಬಂದಿದೆ. ವಿಜಯಪುರದಂಥ ಒಣ ಊರಲ್ಲಿ ಬೂಷ್ಟು ಬರುತ್ತದೆಯೇ?
(ಓದುಗರು, ವಿಜಯಪುರ. ಬೆಳಗಾವಿಯ ಮೂವರು ಮಳೆಗಾಲದ ಬೂಷ್ಟಿನ ಬಗ್ಗೆ ಕೇಳಿದ್ದಾರೆ)

ಉತ್ತರ: ಬಿಳಿಯೆಲ್ಲ ಬೂಷ್ಟಲ್ಲ. ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದರೂ ಹೀಗೇ ಕಾಣುತ್ತದೆ. ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿಯನ್ನು ಒಂದು ಅಡಿ ದೂರದಿಂದ ಅರ್ಧ ನಿಮಿಷ ಬಿಡಿ. ಕರಗಿ ಮಾಯವಾದರೆ ಕೊಬ್ಬು. ಒಣ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಮಾಯವಾಗದೆ ಮುಗ್ಗಲು ವಾಸನೆ ಬಂದರೆ, ಮಚ್ಚೆಗಳು ದುಂಡಗೆ ಹಬ್ಬಿದ್ದರೆ ಬೂಷ್ಟು.

ಬೂಷ್ಟಾದರೆ ಮೂಗಿಗೆ ಮಾಸ್ಕ್ ಹಾಕಿ ಜಾಕೆಟನ್ನು ಅಂಗಳಕ್ಕೆ ತನ್ನಿ. ಮನೆಯೊಳಗೆ ಝಾಡಿಸಿದರೆ ಉಳಿದ ಬಟ್ಟೆಗಳಿಗೂ ಹಬ್ಬುತ್ತದೆ. ಮೃದು ಬ್ರಷ್‌ನಿಂದ ತೆಗೆಯಿರಿ, ಆ ಬ್ರಷ್ ಮತ್ತೆ ಬಳಸಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಬಟ್ಟೆಗೆ ತಾಗಿಸಿ, ಒಳ ಅಂಚಿನಲ್ಲಿ ಬಣ್ಣ ಬಿಡುತ್ತದೆಯೇ ನೋಡಿ, ಬಿಡದಿದ್ದರೆ ಮಾತ್ರ ಒರೆಸಿ. ನೆರಳಿನ ಗಾಳಿಯಲ್ಲಿ ಎರಡು ದಿನ. ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯುವ ಮೊದಲೇ ಚರ್ಮ ಬಿರುಸಾಗುತ್ತದೆ.

ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಷ್ಟಿಗೆ ಅನುಕೂಲ. ಬೆಳಗಾವಿ, ಖಾನಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನನಿತ್ಯದ ಮಾತು. ಅಲ್ಲಿಯವರು ಒಂದು ಜಾಕೆಟಿಗೆ 50 ಗ್ರಾಂ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ಬಿಸಿಲು ಬಿದ್ದ ದಿನ ತಿಜೋರಿಯ ಬಾಗಿಲು ಎರಡು ಗಂಟೆ ತೆರೆದಿಡಿ. ವಿಜಯಪುರದ ಕಷ್ಟ ಬೇರೆ, ಅಲ್ಲಿ ಬೇಸಿಗೆ ಶತ್ರು. ಏಪ್ರಿಲ್, ಮೇನಲ್ಲಿ ಪಡುವಣ ಗೋಡೆಗೆ ತಾಗಿದ ಕಬ್ಬಿಣದ ತಿಜೋರಿ ಸಂಜೆಯವರೆಗೆ ಕಾದು ಬಿಸಿಯಾಗುತ್ತದೆ. ಚರ್ಮ ಅದರಲ್ಲಿ ಒಣಗಿ ಕಾಲರ್ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ತಿಜೋರಿಯನ್ನು ಒಳಗೋಡೆಗೆ ಸರಿಸಿ, ಸಿಲಿಕಾ ಜೆಲ್ ತೆಗೆದುಬಿಡಿ.

ಹ್ಯಾಂಗರ್ ಹೆಗಲಲ್ಲಿ ಮೂರು ಬೆರಳಗಲ ಇರಬೇಕು. ತಂತಿಯದಾದರೆ ಹೆಗಲಲ್ಲಿ ಮೊಳೆ ಎದ್ದಂತೆ ಉಬ್ಬು ಬಿದ್ದು ಹೋಗುವುದೇ ಇಲ್ಲ. ಮೇಲೆ ಹಳೆಯ ಧೋತರದ ಹೊದಿಕೆ ಸಾಕು, ಪ್ಲಾಸ್ಟಿಕ್ ಬೇಡ. ಬೇವಿನ ಎಲೆ ಇಡುವವರು ಪೂರ್ತಿ ಒಣಗಿಸಿ ಬಟ್ಟೆಯ ಗಂಟಲ್ಲಿ ಇಡಿ. ಹಸಿ ಎಲೆ ತೇವ ತರುತ್ತದೆ. ಡಾಂಬರು ಗುಳಿಗೆ ಚರ್ಮಕ್ಕೆ ತಾಗದಿರಲಿ.

ಪ್ರಶ್ನೆ: ಸಂಗ್ರಹ ಶುರು ಮಾಡಬೇಕೆಂದಿದ್ದೇನೆ. ಮೊದಲ ಜಾಕೆಟ್ ಯಾವುದು? ರೆಕ್ಸಿನ್ ಕೊಟ್ಟು ಚರ್ಮ ಅಂದರೆ ತಿಳಿಯುವುದು ಹೇಗೆ?
(ಓದುಗರು, ಗೋಕಾಕ)

ಉತ್ತರ: 1970ರ ದಶಕದ ಕಂದು ಉದ್ದ ಜಾಕೆಟಿನಿಂದ ಶುರು ಮಾಡಿ. ಬೇಡಿಕೆ ಕಡಿಮೆ, ನಕಲು ಇಲ್ಲವೆನ್ನುವಷ್ಟು ಕಡಿಮೆ, ಚರ್ಮ ಗಟ್ಟಿ. ಯುದ್ಧದ ಜಾಕೆಟ್ ಮೊದಲಿಗೇ ಬೇಡ, ಅಲ್ಲಿ ನಕಲು ಹೆಚ್ಚು.

ರೆಕ್ಸಿನ್ ಪತ್ತೆಗೆ ಬೆಂಕಿ ಕಡ್ಡಿ ಬೇಡ. ಒಳಕಿಸೆಯ ಬಾಯಿಯಲ್ಲೋ ಗುಂಡಿ ತೂತಿನಲ್ಲೋ ಕತ್ತರಿಸಿದ ಅಂಚು ಹುಡುಕಿ. ಚರ್ಮದ ಅಂಚಿನಲ್ಲಿ ನಾರು ನಾರು, ಮೇಲಿಂದ ಕೆಳಗೆ ಒಂದೇ ಮೈ. ರೆಕ್ಸಿನ್‌ನಲ್ಲಿ ಮೇಲೆ ಪ್ಲಾಸ್ಟಿಕ್ ಪೊರೆ, ಕೆಳಗೆ ನೇಯ್ದ ಬಟ್ಟೆ. ಹಳೆಯದಾದರೆ ಚರ್ಮ ಬಿರಿಯುತ್ತದೆ, ರೆಕ್ಸಿನ್ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ಆ ಸಿಪ್ಪೆ ಏಳುವುದಕ್ಕೆ ಮದ್ದಿಲ್ಲ.

ನಿಜವಾದ ಚರ್ಮವಾದರೂ ಕಂಕುಳು ಮತ್ತು ಕಾಲರ್ ಮಡಿಕೆ ನೋಡದೆ ದುಡ್ಡು ಕೊಡಬೇಡಿ. ಬೆವರಿನ ಉಪ್ಪು ತಿಂದ ಜಾಗ ಅವು. ಮೆಲ್ಲಗೆ ಮಡಚಿದಾಗ ಮೇಲ್ಪದರದಲ್ಲಿ ಸಣ್ಣ ಗೆರೆಗಳಿದ್ದರೆ ಚಿಂತೆಯಿಲ್ಲ. ಮಡಿಕೆಯಿಂದ ಇಟ್ಟಂಗಿ ಬಣ್ಣದ ಪುಡಿ ಬೆರಳಿಗೆ ಹತ್ತಿದರೆ ಬಿಟ್ಟು ಬನ್ನಿ. ತೊಗಟೆಯಿಂದ ಹದ ಮಾಡಿದ ಹಳೆಯ ಚರ್ಮದ ನಾರು ಒಳಗೇ ಸತ್ತಿದೆ ಎಂದರ್ಥ, ಯಾವ ಎಣ್ಣೆಯೂ ಅದನ್ನು ಬದುಕಿಸದು.

ಪ್ರಶ್ನೆ: 1950ರ ಕುದುರೆ ಚರ್ಮದ ಜಾಕೆಟ್ ಬೈಕ್ ಮೇಲೆ ತೊಟ್ಟರೆ ರಕ್ಷಣೆ ಸಿಗುತ್ತದೆಯೇ? ಮಳೆಯಲ್ಲಿ ನೆಂದರೆ ಏನು ಮಾಡಬೇಕು?
(ಓದುಗರು, ಹುಕ್ಕೇರಿ)

ಉತ್ತರ: ಥಂಡಿಗೆ ತೊಡಿ, ರಕ್ಷಣೆ ಎಂದು ನಂಬಬೇಡಿ. ಚರ್ಮ ತಡೆದರೂ ಎಪ್ಪತ್ತು ವರ್ಷದ ಹತ್ತಿ ದಾರ ತಡೆಯುವುದಿಲ್ಲ. ರಸ್ತೆಗೆ ಉಜ್ಜಿದಾಗ ಮೊದಲು ಬಿಚ್ಚುವುದು ಹೆಗಲ ಹೊಲಿಗೆ. ಸವಾರಿಗೆ ಇಂದಿನ ಪ್ಯಾಡ್ ಇರುವ ಜಾಕೆಟ್ ಬೇರೆ ಇಟ್ಟುಕೊಳ್ಳಿ.

ನೆಂದರೆ ಹಿಂಡಬೇಡಿ. ಒಣ ಟವೆಲ್‌ನಿಂದ ಒತ್ತಿ ನೀರು ತೆಗೆದು, ಚೈನು ಅರ್ಧ ಹಾಕಿ, ಅಗಲ ಹ್ಯಾಂಗರಿಗೆ ತೂಗಿ. ತೋಳುಗಳನ್ನು ಕೈಯಿಂದ ಸವರಿ ಆಕಾರಕ್ಕೆ ತನ್ನಿ. ಕಿಸೆಗಳನ್ನು ಒಳಗಿಂದ ಹೊರಗೆ ತೆಗೆದಿಡಿ, ಕೊನೆಗೆ ಒಣಗುವುದು ಅವೇ, ಬೂಷ್ಟು ಮೊದಲು ಹಿಡಿಯುವುದೂ ಅಲ್ಲೇ. ಫ್ಯಾನಿನ ಗಾಳಿ ಸಾಕು, ಒಲೆ ಹೀಟರ್ ಬಳಿ ಒಯ್ಯಬೇಡಿ. ಎರಡು ಮೂರು ದಿನ ಬೇಕು. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಒಮ್ಮೆ ತೊಟ್ಟು ಹತ್ತು ನಿಮಿಷ ಕೈ ಆಡಿಸಿ, ಮೊಣಕೈ ಮಡಿಕೆ ನಿಮ್ಮ ಮೈಗೆ ತಕ್ಕಂತೆ ಕೂರುತ್ತದೆ. ಪೂರ್ತಿ ಒಣಗಿದ ಮೇಲೆ ಮುಟ್ಟಿ ನೋಡಿ, ಬಿರುಸಾಗಿದ್ದರೆ ಮಾತ್ರ ಕಂಡೀಷನರ್ ಹಚ್ಚಿ.